ಅಜ್ಜಿಯ ಬೋರಮಾಳ ಯಾಕೆ 22 ಕ್ಯಾರೆಟ್ ಬರಲಿಲ್ಲ?

ಕಳೆದ ತಿಂಗಳು ಅವ್ವನ ಜೊತೆ ಕಲಬುರಗಿಯ ಸರಾಫ ಬಜಾರಿಗೆ ಹೋಗಿದ್ದೆ. ಅಜ್ಜಿಯ ಬೋರಮಾಳ, ಅಂದ್ರೆ ಬಂಗಾರದ ಗುಂಡು ಪೋಣಿಸಿದ ಸರ, ಕರಗಿಸಿ ಒಂದು ಚೈನು ಮಾಡಿಸಬೇಕಿತ್ತು. ತೂಕ ಸರಿಯಾಗೇ ಇತ್ತು, ಮೂರು ತೊಲಿ, ಅಂದ್ರೆ 35 ಗ್ರಾಂ. ಆದ್ರೆ ಅಂಗಡಿಯವರು ಗುಂಡು ಒಡೆದಾಗ ಒಳಗಿಂದ ಕಪ್ಪು ಅರಗು ಉದುರಿತು. ಅದೆಲ್ಲ ಹೋಗಿ ಉಳಿದದ್ದು 29 ಗ್ರಾಂ. ಕರಗಿಸಿ, ಬಂಗಾರದ ಗುಣ ಅಳೆಯೋ ಮೀಟರಿಗೆ ಇಟ್ಟರೆ ನೂರಕ್ಕೆ 84 ಪಾಲು ಬಂಗಾರ. ಅವ್ವನ ಮುಖ ಸಣ್ಣಗಾಯಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಪತ್ತಾರ (ಅಕ್ಕಸಾಲಿಗ) ಕಾಕಾ ಮಾತ್ರ, 'ಮೋಸ ಅಲ್ರಿ ಅಕ್ಕಾರ, ಬೆಸಗಿ ತಿಂದದ' ಅಂದ್ರು.

ಬೆಸುಗೆ ಬಂಗಾರ ತಿನ್ನೋದು ಅಂದ್ರೇನು?

ಅಪ್ಪಟ ಬಂಗಾರ ಮೆದು. ಒಂದು ಗ್ರಾಮನ್ನು ಬಡಿದು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆ ಮಾಡಬಹುದು. ಅಂಥದ್ದರಲ್ಲಿ ಬಳೆ ಮಾಡಿ ಹಾಕಿಕೊಂಡು ರೊಟ್ಟಿ ಬಡಿದರೆ ನಾಲ್ಕು ದಿನಕ್ಕೆ ಸೊಟ್ಟಗಾಗುತ್ತೆ. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸೋದು. 24ರಲ್ಲಿ 22 ಪಾಲು ಬಂಗಾರ ಇದ್ದರೆ ಅದು 22 ಕ್ಯಾರೆಟ್, ಸಾವಿರಕ್ಕೆ 916. ಒಡವೆ ಮೇಲೆ ಕಾಣೋ 916 ಇದೇ.

ಇನ್ನು ಜೋಡಿಸೋ ಕೆಲಸ. ಬಂಗಾರ ಕರಗೋದು 1064 ಡಿಗ್ರಿಗೆ. ಬೆಸುಗೆ ಅದಕ್ಕಿಂತ ಮೊದಲೇ ಕರಗಬೇಕು, ಇಲ್ಲಾಂದ್ರೆ ಒಡವೆಯೇ ಕರಗಿ ಹೋಗುತ್ತೆ ಅಲ್ವಾ? ಹಾಗಾಗಿ ಹಿಂದೆ ಬೆಸುಗೆಗೆ ತಾಮ್ರ ಜಾಸ್ತಿ ಹಾಕುತ್ತಿದ್ದರು. ಬೋರಮಾಳದ ಒಂದೊಂದು ಗುಂಡೂ ಎರಡು ಬಟ್ಟಲು ಕೂಡಿಸಿ ಬೆಸೆದದ್ದು. ಅಂಥ ಹತ್ತಾರು ಗುಂಡು ಸೇರಿದರೆ ಬೆಸುಗೆಯ ತಾಮ್ರ ಎಷ್ಟಾಗಬಹುದು ನೀವೇ ಲೆಕ್ಕ ಹಾಕಿ. ಕರಗಿಸಿದಾಗ ಅದೆಲ್ಲ ಬಂಗಾರಕ್ಕೆ ಬೆರೆತು ಕ್ಯಾರೆಟ್ ಇಳಿಯುತ್ತೆ. ಆಗಿನ ಪರೀಕ್ಷೆ ಒರೆಗಲ್ಲಿನದು. ಗೆರೆ ಎಳೆದು ಮೇಲೆ ತೇಜಾಬ್ (ಆಸಿಡ್) ಹನಿ ಹಾಕಿದರೆ ತಾಮ್ರ, ಬೆಳ್ಳಿ ಕರಗಿ ಬಂಗಾರದ ಗೆರೆ ಉಳಿಯುತ್ತೆ. ಆದ್ರೆ ಕಲ್ಲಿಗೆ ಗೊತ್ತಾಗೋದು ಉಜ್ಜಿದ ಜಾಗದ ಗುಣ ಮಾತ್ರ, ಒಳಗಿನ ಬೆಸುಗೆಯದ್ದಲ್ಲ.

ನಮ್ಮ ಅಣ್ಣನಿಗೆ ಬೇರೆಯೇ ಅನುಮಾನ: ಬೋರಮಾಳ ಬಂಗಾರ ನಿಯಂತ್ರಣದ ಕಾಲದ್ದು, ಅದಕ್ಕೇ ಕ್ಯಾರೆಟ್ ಕಡಿಮೆ ಇರಬಹುದಾ ಅಂತ. 1962ರ ಚೀನಾ ಯುದ್ಧದ ನಂತರ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಬಂಗಾರ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಹೊಸ ಒಡವೆ ಮಾಡಬಾರದು ಅನ್ನೋ ನಿಯಮ. ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿತು, ಕಳ್ಳಸಾಗಣೆ ಮಾತ್ರ ಜೋರಾಯಿತು. ಆಮೇಲೆ ಆ ಮಿತಿ ಸಡಿಲವಾಯಿತು, ಆದರೆ 1968ರಲ್ಲಿ ಪೂರ್ತಿ ಕಾಯ್ದೆಯೇ ಬಂದು 1990ರವರೆಗೆ ಇತ್ತು. ಆದರೆ 14 ಕ್ಯಾರೆಟ್ ಅಂದ್ರೆ ನೂರಕ್ಕೆ 58. ನಮ್ಮದು 84. ಅಜ್ಜಿಯ ಪತ್ತಾರರು ಒಳ್ಳೆ ಬಂಗಾರವನ್ನೇ ಕೊಟ್ಟಿದ್ದರು ಅಂತ ನನ್ನ ನಂಬಿಕೆ.

ಈ ಬೆಸುಗೆ ತಂಟೆಗೆ ಪರಿಹಾರವಾಗಿ ಬಂದದ್ದೇ ಕೆಡಿಎಂ. ಜನ ಈಗಲೂ 'ಕೆಡಿಎಂ ಬಂಗಾರ' ಅಂದ್ರೆ ಅಪ್ಪಟ ಅನ್ಕೊಂಡಿದ್ದಾರೆ. ಅದು ಸುಮ್ನೆ ಕ್ಯಾಡ್ಮಿಯಂ ಬೆಸುಗೆಯ ಹೆಸರು. 92 ಪಾಲು ಬಂಗಾರಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದರೆ ಬೇಗ ಕರಗುತ್ತೆ, ಕ್ಯಾರೆಟ್ಟೂ ಇಳಿಯಲ್ಲ. ಕೊಳ್ಳುವವರಿಗೆ ಲಾಭ. ಆದ್ರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತೆ, ಆ ಹೊಗೆ ಕುಡಿದವನು ಊದುಗೊಳವೆ ಹಿಡಿದು ಕೂತ ಕೆಲಸಗಾರ. ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ಅದು ವಿಷ. ಈಗ ಅದರ ಜಾಗಕ್ಕೆ ಸತು ಮುಂತಾದ ಲೋಹ ಬಂದಿವೆ.

ಬಂಗಾರದ ಗುಣ ಪರೀಕ್ಷಿಸಿ ಒತ್ತೋ ಮುದ್ರೆ, ಹಾಲ್‌ಮಾರ್ಕ್, ಶುರುವಾದದ್ದು 2000ದಲ್ಲಿ, ಆದ್ರೆ ಅಂಗಡಿಯವರ ಇಷ್ಟಕ್ಕೆ ಬಿಟ್ಟಿದ್ದರು. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಅಕ್ಷರ, ಅಂಕಿ ಸೇರಿದ ಆರು ಗುರುತಿನ ಎಚ್‌ಯುಐಡಿ (ಒಂದೊಂದು ಒಡವೆಗೂ ಕೊಡೋ ಬೇರೆ ಬೇರೆ ಗುರುತು ಸಂಖ್ಯೆ) ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಮನೆಯಲ್ಲಿರೋ ಹಳೇದಕ್ಕೆ ಇದು ಅನ್ವಯಿಸಲ್ಲ, ಮುದ್ರೆ ಇಲ್ಲದಿದ್ದರೂ ಅಂಗಡಿಯವರು ಕೊಳ್ಳಬಹುದು.

ಹೊಸ ಚೈನಿನ ಕೊಂಡಿ ಮೇಲಿನ ಆರು ಗುರುತನ್ನು ಅವ್ವ ಭೂತಗನ್ನಡಿ ಹಿಡಿದು ಒಂದೊಂದೇ ಓದಿದಳು, ನಾನು ಹಾಲ್‌ಮಾರ್ಕ್ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಒತ್ತಿದೆ. 916 ಅಂತ ಬಂತು. ಅವ್ವ ಕನ್ನಡಿ ಕೆಳಗಿಟ್ಟು ಕಾಕಾನನ್ನು ಕೇಳಿದಳು: 'ಇದರಾಗೂ ಬೆಸಗಿ ಇರ್ತದೇನ್ರಿ?'

'ಕಡಿಗೆ ಕಡಿ ಕೂಡಬೇಕಲ್ರಿ ಅಕ್ಕಾರ' ಅಂತ ಕಾಕಾ ನಕ್ಕರು.