ಊರು ಬದಲಿಸುವಾಗ ಮೊದಲು ಶಾಲೆಯೋ, ಮನೆಯೋ?

ಪ್ರಶ್ನೆ: ನಾವು ಬೆಂಗಳೂರು ಬಿಟ್ಟು ಮೈಸೂರಿಗೋ ಧಾರವಾಡಕ್ಕೋ ಹೋಗಬೇಕು ಅಂದುಕೊಂಡಿದ್ದೇವೆ. ಮಗಳು 3ನೇ ಕ್ಲಾಸ್, ಮಗ ಎಲ್‌ಕೆಜಿ. ನಮ್ಮ ಮನೆಯವರು ವಾರಕ್ಕೆ ಎರಡು ದಿನ ಬೆಂಗಳೂರಿನ ಆಫೀಸಿಗೆ ಹೋಗಲೇಬೇಕು, ಉಳಿದ ದಿನ ಮನೆಯಿಂದಲೇ ಕೆಲಸ. ಒಳ್ಳೆ ಮನೆ ನೋಡಿಕೊಂಡು ಆಮೇಲೆ ಹತ್ತಿರದ ಶಾಲೆ ಹುಡುಕೋದಾ, ಇಲ್ಲಾ ಶಾಲೆ ಗೊತ್ತಾದ ಮೇಲೆ ಮನೆ ನೋಡೋದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಶಾಲೆ ಮೊದಲು. ನಾನು ಉಲ್ಟಾ ಮಾಡಿ ಹನ್ನೊಂದು ತಿಂಗಳು ಅನುಭವಿಸಿದವಳು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾವು ಮೈಸೂರಿಗೆ ಬರುವಾಗ ಮೊದಲು ನೋಡಿದ್ದು ಮನೆ. ಬೋಗಾದಿ ದಾಟಿ, ರಿಂಗ್ ರೋಡ್ ಆಚೆ, ಒಂದು ಪ್ರೈವೇಟ್ ಲೇಔಟ್‌ನಲ್ಲಿ. ಭಾನುವಾರ ಮಧ್ಯಾಹ್ನ ಹೋಗಿದ್ದೆವು. ಅಗಲವಾದ ಬಾಲ್ಕನಿ, ತಂಪು ಗಾಳಿ, ದೂರದಲ್ಲಿ ಬೆಟ್ಟ. ಬಾಡಿಗೆ ಕೇಳಿ, ಬೆಂಗಳೂರಲ್ಲಿ ಇಷ್ಟಕ್ಕೆ ಪಾರ್ಕಿಂಗ್ ಜಾಗವೂ ಸಿಗಲ್ಲ ಅಂತ ನಕ್ಕು, ಸಂಜೆಯೇ ಅಡ್ವಾನ್ಸ್ ಕೊಟ್ಟುಬಿಟ್ಟೆವು. ಆಮೇಲೆ ಸೀಟು ಸಿಕ್ಕ ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು. ಸ್ಕೂಲ್ ವ್ಯಾನ್‌ನವರು ನಮ್ಮ ಲೇಔಟ್ ಹೆಸರು ಕೇಳಿದವರೇ, 'ಅಷ್ಟು ದೂರ ಒಂದು ಮಗುಗೆ ಬರಕ್ಕಾಗಲ್ಲ ಮೇಡಂ' ಅಂದರು. ದಿನಕ್ಕೆ ನಾಲ್ಕು ಸಲ ನಾನೇ ಸ್ಕೂಟರ್ ಓಡಿಸಿದೆ. ಮಾರ್ಚ್ ಬಂತು, ಬೋರ್‌ವೆಲ್ ಕೈಕೊಟ್ಟಿತು, ಟ್ಯಾಂಕರ್ ಶುರುವಾಯಿತು. ಮಕ್ಕಳ ಪರೀಕ್ಷೆ ಮುಗಿಯುವ ದಿನಕ್ಕಾಗಿ ಮಕ್ಕಳಿಗಿಂತ ಜಾಸ್ತಿ ಕಾದವಳು ನಾನು.

ಶಾಲೆ ಮೊದಲು ಅನ್ನುವುದಕ್ಕೆ ಕಾರಣ ಸರಳ. ಮನೆ ಮೂರು ವಾರ ಹುಡುಕಿದರೆ ಸಿಗುತ್ತದೆ, ಇಷ್ಟವಾಗದಿದ್ದರೆ ವರ್ಷದೊಳಗೆ ಬದಲಿಸಬಹುದು. ಶಾಲೆಯನ್ನು ಹಾಗೆ ಬದಲಿಸಲು ಆಗುವುದಿಲ್ಲ.

ಆದರೆ ಶಾಲೆಗಿಂತ ಮೊದಲು ಊರು ತೀರ್ಮಾನವಾಗಬೇಕು. ನಿಮ್ಮ ವಿಷಯದಲ್ಲಿ ಅದನ್ನು ತೀರ್ಮಾನಿಸುವುದು ಆ ಎರಡು ಆಫೀಸ್ ದಿನಗಳು.

ಮೈಸೂರು ಅಂದಕೂಡಲೇ ಎಲ್ಲರೂ ಹೈವೇ ಬಗ್ಗೆ ಮಾತಾಡುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ರಸ್ತೆಯಲ್ಲಿ ಒಂದೂವರೆ ಗಂಟೆ ಅನ್ನುತ್ತಾರೆ. ಅದು ಕೆಂಗೇರಿಯಿಂದ ಮೈಸೂರಿನ ಅಂಚಿನವರೆಗಿನ ಲೆಕ್ಕ. ನಿಮ್ಮ ಬಾಗಿಲಿನಿಂದ ನಿಮ್ಮ ಮನೆಯವರ ಆಫೀಸಿನ ಕುರ್ಚಿವರೆಗಿನ ಲೆಕ್ಕ ಬೇರೆ. ಎರಡು ಕಡೆ ಟೋಲ್, ಜೊತೆಗೆ ಪೆಟ್ರೋಲ್. ಬೈಕಿಗಂತೂ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ, ಸರ್ವಿಸ್ ರೋಡೇ ಗತಿ. ರೈಲಿನಲ್ಲಿ ಓಡಾಡುವವರು ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಸಂಜೆ ಅದರಲ್ಲೇ ವಾಪಸ್ ಬರುತ್ತಾರೆ. ಮೈಸೂರು–ಬೆಂಗಳೂರು ರೈಲು ದಾರಿ 138 ಕಿ.ಮೀ. ಸೀಸನ್ ಪಾಸ್ ಸಿಗುವುದು 150 ಕಿ.ಮೀ.ವರೆಗೆ, ಹಾಗಾಗಿ ಪಾಸ್ ಮಾಡಿಸಬಹುದು. ಶತಾಬ್ದಿ, ವಂದೇ ಭಾರತ್‌ಗೆ ಮಾತ್ರ ಅದು ನಡೆಯುವುದಿಲ್ಲ. ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿಯಬಹುದು. ಆಫೀಸ್ ವಿಜಯನಗರ, ಮೆಜೆಸ್ಟಿಕ್, ಎಂ.ಜಿ. ರೋಡ್ ಕಡೆ ಇದ್ದರೆ ಇದು ಆರಾಮ. ವೈಟ್‌ಫೀಲ್ಡ್ ಆದರೆ ರೈಲು ಇಳಿದ ಮೇಲೂ ಒಂದು ಗಂಟೆಗೆ ಮೇಲೆ ಮೆಟ್ರೋದಲ್ಲೇ ಕೂರಬೇಕು.

ಧಾರವಾಡ ಸುಮಾರು 430 ಕಿ.ಮೀ. ದೂರ. 2023ರಿಂದ ವಂದೇ ಭಾರತ್ ಇದೆ, ಆದರೂ ಆರೂವರೆ ಗಂಟೆ ಹತ್ತಿರ ಬೇಕು. ಅಂದರೆ ದಿನ ಹೋಗಿ ದಿನ ಬರುವ ಮಾತೇ ಇಲ್ಲ. ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ, ಎರಡು ದಿನ ಆಫೀಸ್ ಮುಗಿಸಿ, ಮತ್ತೆ ರಾತ್ರಿ ರೈಲಿಗೆ ವಾಪಸ್. ಅದಕ್ಕೆ ಆ ಎರಡು ದಿನ ಒಂದರ ಹಿಂದೆ ಒಂದು ಬರಬೇಕು, ನಡುವಿನ ರಾತ್ರಿ ಉಳಿಯಲು ಬೆಂಗಳೂರಲ್ಲಿ ತಮ್ಮನದೋ ಭಾವನದೋ ಮನೆ ಬೇಕು. ಇವೆರಡೂ ಇದ್ದರೆ ಧಾರವಾಡ ಚೆನ್ನಾಗಿದೆ. ಹುಬ್ಬಳ್ಳಿಗೆ ಓಡಾಡಲು ಚಿಗರಿ ಬಸ್ಸಿದೆ, ಮಳೆ ಗಾಳಿ ಹಿತ, ಓದಿನ ಊರು. ಆದರೆ ಮನೆ ನೋಡುವಾಗ ಬಾಡಿಗೆಗಿಂತ ಮೊದಲು ಅಲ್ಲಿ ಕೇಳಬೇಕಾದ್ದು 'ನೀರು ಎಷ್ಟು ದಿನಕ್ಕೊಮ್ಮೆ ಬರ್ತದ್ರೀ?' ಅಂತ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡ್‌ಗಳಲ್ಲಿ ದಿನವಿಡೀ ನಲ್ಲಿ ನೀರಿದೆ. ಇನ್ನು ಕೆಲವು ಕಡೆ ಹಲವು ದಿನ ಕಾಯಬೇಕು. ಎರಡು ರಸ್ತೆ ದಾಟಿದರೆ ಕಥೆಯೇ ಬೇರೆ. ಇನ್ನು ಸಪ್ತಾಪುರದ ಸುತ್ತ ಕೋಚಿಂಗ್ ಸೆಂಟರ್, ಪಿಜಿಗಳೇ ತುಂಬಿವೆ. ಚಿಕ್ಕ ಮಕ್ಕಳ ಸಂಸಾರಕ್ಕೆ ಮಾಳಮಡ್ಡಿ, ನಾರಾಯಣಪುರ ಕಡೆ ನೋಡುವುದು ಮೇಲು ಅಂತ ನನ್ನ ಲೆಕ್ಕ.

ಒಂದು ಕೆಲಸ ಮಾಡಿ. ಶಾಲೆಗೆ ಫೀಸ್ ಕಟ್ಟುವ ಮೊದಲು ನಿಮ್ಮ ಮನೆಯವರು ಎರಡು ವಾರ ಆ ಊರಿನಿಂದಲೇ ಆಫೀಸಿಗೆ ಓಡಾಡಲಿ. ನೆಂಟರ ಮನೆಯೋ, ಲಾಡ್ಜೋ, ಎಲ್ಲಾದರೂ ಉಳಿಯಲಿ. ಮೊದಲ ವಾರ ಎಲ್ಲರಿಗೂ ಖುಷಿಯೇ. ಎರಡನೇ ವಾರ ರಾತ್ರಿ ಮನೆಗೆ ಬಂದಾಗ ಅವರ ಮುಖ ನೋಡಿ.

ಈಗ ಶಾಲೆ. ನಿಮ್ಮ ಮಗನದು ಸುಲಭ, ಯುಕೆಜಿಗೆ ಸೀಟು ಹೇಗೋ ಸಿಗುತ್ತದೆ. ಕಷ್ಟ ಇರುವುದು ಮಗಳದ್ದು. 4ನೇ ಕ್ಲಾಸಿಗೆ ಹೊಸ ಸೆಕ್ಷನ್ ತೆರೆಯುವವರು ಕಡಿಮೆ. ಯಾರಾದರೂ ಬಿಟ್ಟುಹೋದರೆ ಮಾತ್ರ ಸೀಟು. ಯಾರು ಬಿಡುತ್ತಾರೆ? ಬ್ಯಾಂಕಿನವರು, ಸರಕಾರಿ ನೌಕರರು. ಅವರ ವರ್ಗಾವಣೆ ಗೊತ್ತಾಗುವುದು ಏಪ್ರಿಲ್, ಮೇನಲ್ಲಿ. ಅದಕ್ಕೇ ಜನವರಿಯಲ್ಲಿ ನಾಲ್ಕು ಶಾಲೆಗಳಲ್ಲಿ ಹೆಸರು ಬರೆಸಿ, ಯುಗಾದಿ ಮುಗಿದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಾ ಇರಿ. ಜನವರಿಯಲ್ಲಿ 'ಸೀಟಿಲ್ಲ' ಅಂದ ಶಾಲೆಯವರೇ ಮೇನಲ್ಲಿ ನಮ್ಮನ್ನು ಕರೆದರು.

ಸಿಲೆಬಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಇದ್ದದ್ದನ್ನೇ ಮುಂದುವರಿಸಿ. ಸ್ಟೇಟ್ ಸಿಲೆಬಸ್ ಆದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಪಠ್ಯ ಅದೇ. ಸಿಬಿಎಸ್‌ಇಯಲ್ಲಿದ್ದರೆ ಒಂದೇ ಎಚ್ಚರ: 9ಕ್ಕೆ ಬರುವ ಮೊದಲೇ ಊರು ಬದಲಿಸಿ ಮುಗಿಸಿ. 9 ಮತ್ತು 10 ಒಂದೇ ಶಾಲೆಯಲ್ಲಿ ಅನ್ನುವುದು ಅಲ್ಲಿನ ಲೆಕ್ಕ. ನಡುವೆ ಬದಲಾಯಿಸಬೇಕಾದರೆ ಬೋರ್ಡ್ ಅನುಮತಿ, ವರ್ಗಾವಣೆ ಪತ್ರ ಅಂತ ಅಲೆದಾಟ. ನಿಮಗೆ ಇನ್ನೂ ಕಾಲವಿದೆ.

ಟಿಸಿ ವಿಷಯ ಒಂದು ಮಾತು. ಫೀಸ್ ಬಾಕಿ, ನೋಟಿಸ್ ಕೊಟ್ಟಿಲ್ಲ ಅಂತೆಲ್ಲ ಹಳೆಯ ಶಾಲೆಯವರು ಎಳೆದಾಡುವುದುಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ಬರುವುದು ತಡವಾಯಿತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಆದರೆ ಆ ಸೆಕ್ಷನ್ ಕೊಡುವ ವರ್ಗಾವಣೆಯ ಹಕ್ಕು ಸರಕಾರಿ, ಅನುದಾನಿತ ಶಾಲೆಗಳಿಗೆ. ಖಾಸಗಿಯವರ ಹತ್ತಿರ ಸುಮ್ನೆ ಸಮಾಧಾನವಾಗಿ ಮಾತಾಡುವುದೇ ಒಳ್ಳೆಯದು. ಟಿಸಿ ಕೈಗೆ ಬಂದಾಗ ಅಲ್ಲೇ ನಿಂತು ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಮಗುವಿಗೆ ಕೊಡುವ ಗುರುತಿನ ಸಂಖ್ಯೆ), ಆಧಾರ್‌ನಲ್ಲಿರುವಂತೆಯೇ ಹೆಸರು ಇದೆಯಾ ನೋಡಿ. ಆಮೇಲೆ ತಿದ್ದಿಸಲು ಬೆಂಗಳೂರಿಗೆ ಓಡಬೇಕು.

ಶಾಲೆ ಗೊತ್ತಾಯಿತು ಅಂದುಕೊಳ್ಳಿ. ಈಗ ಮನೆ ಹುಡುಕುವುದು ಆಪ್‌ನಲ್ಲಿ ಅಲ್ಲ, ಶಾಲೆಯ ಗೇಟಿನಲ್ಲಿ. ಶಾಲೆ ಬಿಡುವ ಹೊತ್ತಿಗೆ ಹೋಗಿ ವ್ಯಾನ್ ಡ್ರೈವರ್‌ಗಳನ್ನು ಮಾತಾಡಿಸಿ. ಯಾವ ವ್ಯಾನ್ ಯಾವ ರಸ್ತೆಯಲ್ಲಿ ಹೋಗುತ್ತದೆ, ಕೊನೆಯ ಸ್ಟಾಪ್ ಎಲ್ಲಿ, ಎಲ್ಲವೂ ಅವರಿಗೆ ಗೊತ್ತು. ಆ ದಾರಿಯೇ ನಿಮ್ಮ ಮನೆಯ ನಕ್ಷೆ. ಆಮೇಲೆ ಸಂಜೆ ಹೊತ್ತು ಆ ರಸ್ತೆಗಳಲ್ಲಿ ನಡೆಯಿರಿ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂನಂಥ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಮನೆ ಓನರ್‌ಗಳು ರಿಟೈರ್ಡ್ ಆದವರು. ಗೇಟಿಗೆ ಟು-ಲೆಟ್ ಬೋರ್ಡ್ ತೂಗುಹಾಕುತ್ತಾರೆ, ಅಷ್ಟೇ. ಕೆಲವರು ಅದನ್ನೂ ಮಾಡದೆ ಇಸ್ತ್ರಿ ಅಂಗಡಿಯವನಿಗೋ ನಂದಿನಿ ಬೂತಿನವರಿಗೋ ಹೇಳಿಟ್ಟಿರುತ್ತಾರೆ. ನಮ್ಮ ಎರಡನೇ ಮನೆ ಸಿಕ್ಕಿದ್ದು ಇಸ್ತ್ರಿ ಅಂಗಡಿಯವನಿಂದ. ಬ್ರೋಕರ್‌ಗೆ ಕೊಡುವ ಒಂದು ತಿಂಗಳ ಬಾಡಿಗೆ ಉಳಿಯಿತು.

ಮೈಸೂರಿನಲ್ಲೇ ಆದರೆ, ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಬಾಡಿಗೆ ಏರಿದೆ, ಅಲ್ಲಿಂದ ಶುರು ಮಾಡಬೇಡಿ. ವಿದ್ಯಾರಣ್ಯಪುರಂನಲ್ಲಿ ಮನೆ ಸಿಕ್ಕರೆ ಸುಯೇಜ್ ಫಾರ್ಮ್ ಎಷ್ಟು ದೂರ ನೋಡಿ, ಅದೂ ಗಾಳಿ ಬೀಸುವ ಸಂಜೆ ಹೋಗಿ. ರಿಂಗ್ ರೋಡ್ ಆಚೆ ಮನೆ ಆದರೆ ನಲ್ಲಿ ನೀರೋ ಬೋರ್ ನೀರೋ ಅಂತ ಓನರ್‌ನ ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ಯಾವ ಮನೆಯನ್ನೂ ಭಾನುವಾರ ಮಾತ್ರ ನೋಡಿ ಒಪ್ಪಬೇಡಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಹೋಗಿ. ಹತ್ತಿರದಲ್ಲಿ ಕಲ್ಯಾಣ ಮಂಟಪ ಇದ್ದರೆ ಮದುವೆ ಸೀಸನ್ನಿನಲ್ಲಿ ರಾತ್ರಿಯೂ ಒಂದು ಸಲ.

ಮಕ್ಕಳಿರುವ ಮನೆಗೆ ನಾನು ಮೊದಲು ನೋಡುವುದು ಅಡುಗೆಮನೆ ಅಲ್ಲ, ಸಂಪಿನ ಮುಚ್ಚಳ. ಕಬ್ಬಿಣದ ತಗಡು ಅಲುಗಾಡುತ್ತಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಬೀಗ ಹಾಕುವಂಥ ಮುಚ್ಚಳ ಹಾಕಿಸಿಕೊಳ್ಳಿ. ಆಮೇಲೆ ತಾರಸಿಯ ಕಟ್ಟೆ ಎಷ್ಟು ಎತ್ತರ, ಬಾಲ್ಕನಿ ಗ್ರಿಲ್ ಸಂದಿಯಲ್ಲಿ ಮಗನ ತಲೆ ತೂರುತ್ತದಾ ನೋಡಿ. ಓನರ್ ಕೆಳಗಿದ್ದರೆ ಮಕ್ಕಳು ಓಡಾಡುತ್ತಾರೆ, ಸದ್ದಾಗುತ್ತದೆ ಅಂತ ಮೊದಲೇ ಹೇಳಿಬಿಡಿ. 'ಮಕ್ಕಳಿದ್ದ ಮೇಲೆ ಸದ್ದಿರುತ್ತಮ್ಮ' ಅನ್ನುವವರು ಸಿಕ್ಕರೆ ಬಾಡಿಗೆ ಐನೂರು ಜಾಸ್ತಿ ಆದರೂ ಅದೇ ಮನೆ ಹಿಡಿಯಿರಿ.

ಇನ್ನು ದುಡ್ಡು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಎಲ್ಲ ಊರಿನ ರೂಢಿ ಅಲ್ಲ, ಚೌಕಾಸಿ ಮಾಡಿ. 2021ರಲ್ಲಿ ಕೇಂದ್ರ ಸರಕಾರ ತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅನ್ನುತ್ತದೆ. ಅದು ರಾಜ್ಯಗಳಿಗೆ ಮಾದರಿ ಮಾತ್ರ, ಓನರ್ ಮುಂದೆ ಅದನ್ನು ಓದಿದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಅಗ್ರಿಮೆಂಟಿನಲ್ಲೇ ಬರೆಸಿ. ತೆರಿಗೆ ಉಳಿಸಲು ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೋರಿಸುವುದಾದರೆ ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್‌ನ ಪ್ಯಾನ್ ಬೇಕು. ಕೊಡುತ್ತಾರಾ ಅಂತ ಮೊದಲೇ ಕೇಳಿ.

ಕಡಿಮೆ ದುಡ್ಡಿಗೆ ಭೋಗ್ಯಕ್ಕೆ ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಮೊದಲ ವರ್ಷ ಬೇಡ. ಊರೇ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲದಾಗ ಲಕ್ಷಗಟ್ಟಲೆ ಕಟ್ಟಿಹಾಕುವುದು ಯಾಕೆ? ಮಾಡಲೇಬೇಕಾದರೆ ಇಸಿ (ಋಣಭಾರ ಪತ್ರ) ತೆಗೆಸಿ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ, ಪತ್ರ ರಿಜಿಸ್ಟರ್ ಮಾಡಿಸಿ. ಒಂದು ವರ್ಷ ಮೀರಿದ ಲೀಸ್‌ಗೆ ನೋಂದಣಿ ಕಡ್ಡಾಯ. ಎಲ್ಲರೂ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡುವುದು ಇದನ್ನು ತಪ್ಪಿಸಲೇ.

ಆ ಹನ್ನೊಂದು ತಿಂಗಳು ಶಾಲೆಯ ವರ್ಷಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಮೇ 1ಕ್ಕೆ ಶುರು ಮಾಡಿದರೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪರೀಕ್ಷೆಯೂ ಆಗಿರುತ್ತದೆ. 'ಜೂನ್‌ನಿಂದ ಮಾರ್ಚ್‌ವರೆಗೆ ಖಾಲಿ ಮಾಡಿ ಅನ್ನುವ ಹಾಗಿಲ್ಲ' ಅಂತ ಒಂದು ಸಾಲು ಸೇರಿಸಿ. ನಾವು ಸೇರಿಸಿದೆವು, ಓನರ್ ಒಂದು ಮಾತೂ ಆಡದೆ ಸಹಿ ಹಾಕಿದರು. ಮೇನಲ್ಲಿ ಮನೆ ಸಿಗದೇ ಹೋದರೆ ಗಾಬರಿ ಬೇಡ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಟು-ಲೆಟ್ ಬೋರ್ಡ್‌ಗಳು ಮಳೆಯಲ್ಲಿ ನೆನೆಯುತ್ತಾ ಇರುತ್ತವೆ. ನಿಮಗೆ ಆಷಾಢ ಅಡ್ಡಿಯಿಲ್ಲ ಅಂದರೆ ಬಾಡಿಗೆ ಇಳಿಸಿ ಮಾತಾಡಲು ಅದಕ್ಕಿಂತ ಒಳ್ಳೆ ತಿಂಗಳಿಲ್ಲ. ಅತ್ತೆಯವರನ್ನು ಒಪ್ಪಿಸುವ ಜವಾಬ್ದಾರಿ ನಿಮ್ಮದು.

ಬೆಂಗಳೂರಿನ ಮನೆ ಬಿಡುವ ಮುಂಚೆ ಎರಡು ಕೆಲಸ. ಗೃಹಜ್ಯೋತಿ ಇದ್ದರೆ ಹಳೆಯ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ. ಹೊಸ ಮನೆಯಲ್ಲಿ ಹಿಂದೆ ಇದ್ದವರೂ ಡಿ-ಲಿಂಕ್ ಮಾಡಿದ್ದಾರಾ ಅಂತ ಓನರ್‌ನ ಕೇಳಿ, ಇಲ್ಲದಿದ್ದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ. ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ತೆಗೆದುಕೊಳ್ಳಿ. ನಾವು ಇದನ್ನು ಕೊನೆಯ ದಿನಕ್ಕೆ ಬಿಟ್ಟಿದ್ದರಿಂದ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದು ಇಂಡಕ್ಷನ್ ಸ್ಟವ್ ಮೇಲೆ. ಉಕ್ಕಿದ ಹಾಲಿಗೆ ಸ್ಟವ್ ಕೀ ಕೀ ಅಂತ ಕೂಗಿ ಆಫ್ ಆಯಿತು. ಕೆಳಗಿನ ಮನೆಯ ಅಜ್ಜಿ ಏನಾಯಿತೋ ಅಂತ ಮೇಲೆ ಬಂದವರು, ನೋಡಿ, ವಾಪಸ್ ಹೋಗಿ ತಮ್ಮ ಇನ್ನೊಂದು ಸಿಲಿಂಡರ್ ಕೊಟ್ಟು ಕಳಿಸಿದರು.