ಒಂದು ಸಹಿ, ಎರಡು ಮೇಜು

ಅಮೆರಿಕದ ಜೊತೆಗಿನ ನಾಗರಿಕ ಪರಮಾಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು 2008ರ ಜುಲೈನಲ್ಲಿ ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡವು. ಜುಲೈ 22ರಂದು ಸರ್ಕಾರ 275–256 ಮತಗಳಿಂದ ವಿಶ್ವಾಸಮತ ಗೆದ್ದಿತು. ಸೋತಿದ್ದರೆ, 2005ರಿಂದ ನಡೆದ ಮಾತುಕತೆಯೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತಾಗುತ್ತಿತ್ತು.

ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 1988ರಲ್ಲಿ ಇಂಥ ಸನ್ನಿವೇಶವನ್ನು ‘ಎರಡು ಹಂತದ ಆಟ’ ಎಂದು ವಿವರಿಸಿದರು. ಸಂಧಾನಕ್ಕೆ ಕೂತವರ ಮುಂದೆ ಎರಡು ಮೇಜುಗಳಿರುತ್ತವೆ. ಒಂದರ ಸುತ್ತ ವಿದೇಶಿ ಪ್ರತಿನಿಧಿಗಳು. ಇನ್ನೊಂದರ ಸುತ್ತ ಸ್ವದೇಶದ ಪಕ್ಷಗಳು, ಸಂಸತ್ತು, ಉದ್ಯಮಗಳು, ಪತ್ರಿಕೆಗಳು. ಸ್ವದೇಶದಲ್ಲಿ ಒಪ್ಪಿಗೆ ಪಡೆಯಬಲ್ಲ ಷರತ್ತುಗಳಿಗೆ ಒಂದು ಮಿತಿಯಿರುತ್ತದೆ. ಎರಡೂ ದೇಶಗಳ ಮಿತಿಯೊಳಗೆ ಬರುವ ಷರತ್ತುಗಳಿದ್ದರೆ ಮಾತ್ರ ಒಪ್ಪಂದ ಸಾಧ್ಯ. ಸ್ವಾರಸ್ಯವೆಂದರೆ, ಒಳಗೆ ಕೈ ಕಟ್ಟಿಸಿಕೊಂಡವರಿಗೆ ಹೊರಗೆ ಚೌಕಾಸಿಯ ಬಲ ಹೆಚ್ಚು. ‘ಇದಕ್ಕಿಂತ ಬಿಟ್ಟುಕೊಟ್ಟರೆ ನಮ್ಮ ಸಂಸತ್ತು ಒಪ್ಪುವುದಿಲ್ಲ’ ಎಂದುಬಿಡಬಹುದು. ಎದುರಿನವರೂ ಅದನ್ನೇ ಹೇಳಿದರೆ ಮಾತುಕತೆ ಅಲ್ಲಿಗೇ ಮುಗಿಯಿತು.

ಪರಮಾಣು ಪರೀಕ್ಷೆಯ ಪ್ರಶ್ನೆಯಲ್ಲಿ ಎರಡೂ ಮಿತಿಗಳು ಕೂಡುವ ಜಾಗ ತೀರಾ ಇಕ್ಕಟ್ಟಾಗಿತ್ತು. ಪರೀಕ್ಷೆಯ ಹಕ್ಕನ್ನು ಬಿಟ್ಟುಕೊಟ್ಟರೆ ದೆಹಲಿಯಲ್ಲಿ ವಿರೋಧ ಪಕ್ಷಗಳು ಸುಮ್ಮನಿರುತ್ತಿರಲಿಲ್ಲ. ಅಮೆರಿಕದ 2006ರ ಹೈಡ್ ಕಾಯ್ದೆಯೋ, ಭಾರತ ಪರೀಕ್ಷೆ ನಡೆಸಿದರೆ ಸಹಕಾರ ನಿಲ್ಲಬೇಕೆಂದಿತ್ತು. ಪರಮಾಣು ಇಂಧನ, ಉಪಕರಣಗಳ ಮಾರಾಟಕ್ಕೆ ನಿಯಮ ಹಾಕುವ, ಆಗ 45 ದೇಶಗಳಿದ್ದ ಪರಮಾಣು ಪೂರೈಕೆದಾರರ ಗುಂಪಿನಿಂದ ಭಾರತಕ್ಕೆ ವಿನಾಯಿತಿಯೂ ಬೇಕಿತ್ತು; ಅಲ್ಲಿ ಸರ್ವಾನುಮತವಿಲ್ಲದೆ ಏನೂ ನಡೆಯದು. ಆಸ್ಟ್ರಿಯಾ, ಐರ್ಲೆಂಡ್, ನ್ಯೂಜಿಲೆಂಡ್ ಅದಕ್ಕೆ ಷರತ್ತು ಬೇಕೆಂದು ಪಟ್ಟು ಹಿಡಿದಿದ್ದವು. 2008ರ ಸೆಪ್ಟೆಂಬರ್ 5ರಂದು ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಹೇಳಿಕೆ ಹೊರಡಿಸಿ, ಪರೀಕ್ಷೆಗಳಿಗೆ ಭಾರತ ತಾನಾಗಿಯೇ ಹಾಕಿಕೊಂಡ ತಡೆಗೆ ಬದ್ಧವಾಗಿದೆ ಎಂದರು. ಹೊರಗಿನವರಿಗೆ ಅದು ಭರವಸೆ. ತಾನೇ ಹಾಕಿಕೊಂಡದ್ದಾದ್ದರಿಂದ, ಹೊಸ ಕಟ್ಟುಪಾಡಿಗೆ ತಲೆಬಾಗಿಲ್ಲ ಎಂದು ಒಳಗಿನವರಿಗೆ ಹೇಳಲೂ ದಾರಿಯಿತ್ತು. ಮರುದಿನ ವಿನಾಯಿತಿ ಸಿಕ್ಕಿತು, ಅಕ್ಟೋಬರ್ 10ರಂದು ಸಹಿಯಾಯಿತು. ಒಳ್ಳೆಯ ರಾಜತಾಂತ್ರಿಕ ಕೆಲಸ ಹೀಗಿರುತ್ತದೆ: ಒಂದೇ ಹೇಳಿಕೆ ಎರಡೂ ಮೇಜಿನಲ್ಲಿ ನಿಲ್ಲಬೇಕು, ಎಲ್ಲೂ ಸುಳ್ಳಾಗಬಾರದು.

ಆದರೆ ಸಹಿಯಾದ ಮೇಲೂ ಒಳಗಿನ ಒತ್ತಡ ನಿಲ್ಲುವುದಿಲ್ಲ. 2010ರ ಜೂನ್‌ನಲ್ಲಿ ಭೋಪಾಲ್ ಅನಿಲ ದುರಂತದ ತೀರ್ಪು ಬಂತು. ಸಾವಿರಾರು ಜನರ ಸಾವಿಗೆ ಎರಡು ವರ್ಷ ಜೈಲೇ ಎಂದು ದೇಶ ಕೆರಳಿತು. ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಗೆ 17(ಬಿ) ಕಲಂ ಸೇರಿತು: ಉಪಕರಣದ ದೋಷದಿಂದ ಅಪಘಾತವಾದರೆ, ಸ್ಥಾವರ ನಡೆಸುವವರು ತಾವು ಕೊಟ್ಟ ಪರಿಹಾರವನ್ನು ಪೂರೈಕೆದಾರರಿಂದ ವಸೂಲಿ ಮಾಡಬಹುದಿತ್ತು. ಅಂತರರಾಷ್ಟ್ರೀಯ ರೂಢಿಯಲ್ಲಿ ಆ ಹೊಣೆ ಬಹುಮಟ್ಟಿಗೆ ಸ್ಥಾವರ ನಡೆಸುವವರದ್ದೇ. ಹೀಗಾಗಿ ಅಮೆರಿಕದ ಕಂಪನಿಗಳು ಹಿಂಜರಿದವು. ಇದನ್ನು ಸಂಸತ್ತಿನ ಹಟ ಎನ್ನಲಾಗದು. ಭೋಪಾಲದ ಸಂತ್ರಸ್ತರು ದಶಕಗಳಿಂದ ಕೇಳುತ್ತಿದ್ದ ನ್ಯಾಯದ ಪ್ರಶ್ನೆ ಅದು. ಸಂಧಾನಕಾರರು ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಪೂರೈಕೆದಾರರ ಗುಂಪು ಕೊಟ್ಟ ವಿನಾಯಿತಿಯಿಂದ ಕಝಾಕಿಸ್ತಾನ, ರಷ್ಯಾಗಳ ಯುರೇನಿಯಂ ಭಾರತಕ್ಕೆ ಬಂತು. ಒಪ್ಪಂದಕ್ಕಾಗಿ ಎಲ್ಲರಿಗಿಂತ ಹೆಚ್ಚು ದುಡಿದ ಅಮೆರಿಕದ ರಿಯಾಕ್ಟರುಗಳು ಮಾತ್ರ, ಸಹಿಯಾಗಿ ಒಂದೂವರೆ ದಶಕ ಕಳೆದರೂ ಮೇಲೇಳಲಿಲ್ಲ.