ನಳ ಬಂದ ದಿನ ಕಳ್ಳಿಯ ತಂಟೆಗೆ ಹೋಗಬೇಡಿ

ನಳ ಬಂದ ದಿನ ಹುಬ್ಬಳ್ಳಿಯ ಮಾಳಿಗೆಗಳ ಮೇಲೆ ಏನು ನಡೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಓಣಿಗಳಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಹೊಸ ನೀರು ತುಂಬಬೇಕಾದರೆ ಬ್ಯಾರಲ್‌ನಲ್ಲಿ ಉಳಿದ ಹಳೆ ನೀರು ಖಾಲಿಯಾಗಬೇಕು. ಸುಮ್ನೆ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಗುಲಾಬಿಗೆ ಒಂದು ತಂಬಿಗೆ, ದಾಸವಾಳಕ್ಕೆ ಒಂದು ತಂಬಿಗೆ. ಮೂಲೆಯಲ್ಲಿ ಕಳ್ಳಿ ನಿಂತಿರುತ್ತದೆ, ಪಾಪ, ಅದಕ್ಕೂ ಒಂದು ತಂಬಿಗೆ. ಮೂರು-ನಾಲ್ಕು ವಾರ ಕಳೆದ ಮೇಲೆ ಅದೇ ಕಳ್ಳಿ ಕ್ಯಾರಿಬ್ಯಾಗ್‌ನಲ್ಲಿ ನನ್ನ ನರ್ಸರಿಗೆ ಬರುತ್ತದೆ.

"ನೀರು ಒಂದಿನಾನೂ ತಪ್ಪಿಸಿಲ್ರಿ. ಆದ್ರೂ ಬಾಡಾಕತ್ತೈತಿ ನೋಡ್ರಿ" ಅನ್ನುತ್ತಾರೆ.

ಧಾರವಾಡದಲ್ಲಿ ಸಸಿ ಮಾರುತ್ತ, ಮನೆತೋಟ ಹಾಕಿಕೊಡುತ್ತ 22 ವರ್ಷ ಆಯಿತು. ಈ ಮಾತು ಕೇಳದೆ ಒಂದು ಮಳೆಗಾಲವೂ ಕಳೆದಿಲ್ಲ.

ನಾನು ಹೇಳುತ್ತಿರುವುದು ಡಬಗಳ್ಳಿ ಜಾತಿಯ ಗಿಡಗಳ ಬಗ್ಗೆ. ಪುಸ್ತಕದಲ್ಲಿ ಪಾಪಾಸುಕಳ್ಳಿ ಅಂತ ಇರುತ್ತದೆ. ಅದರಲ್ಲೂ ಈಗ ಎಲ್ಲರೂ ಕೇಳಿಕೊಂಡು ಬರುವುದು ಬನ್ನಿ ಇಯರ್, ಮೊಲದ ಕಿವಿಯಂಥ ಚಪ್ಪಟೆ ಕಳ್ಳಿ. ಮೂಲ ಊರು ಮೆಕ್ಸಿಕೊ. ವಿಜ್ಞಾನದ ಹೆಸರು ಒಪನ್ಷಿಯಾ ಮೈಕ್ರೊಡೇಸಿಸ್. ಜನ ಎಲೆ ಎಂದುಕೊಳ್ಳುವ ಆ ಚಪ್ಪಟೆ ಭಾಗ ನಿಜವಾಗಿ ಕಾಂಡ. ಇಲ್ಲಿ ಅದನ್ನು ಕಿವಿ ಅಂತಲೇ ಕರೆಯೋಣ. ಇನ್ನೊಂದು ಮಾತು: ಮುರಿದರೆ ಬಿಳಿ ಹಾಲು ಬರುವ ಕಳ್ಳಿ ಬೇರೆ ಜಾತಿ. ಡಬಗಳ್ಳಿಯಲ್ಲಿ ಹಾಲಿಲ್ಲ, ಲೋಳೆ ಇರುತ್ತದೆ. ಹಾಲುಗಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯ. ಕಿವಿ ಸುಕ್ಕಾಗಿದೆ ಅಂದರೆ ಗಿಡಕ್ಕೆ ಬಾಯಾರಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇರೆ ಗಿಡಗಳಲ್ಲಿ ಬಹಳ ಸಲ ಅದು ಸರಿ. ಕಳ್ಳಿಯಲ್ಲಿ ಸುಕ್ಕು ಎರಡು ಕಾರಣಕ್ಕೆ ಬರುತ್ತದೆ, ಎರಡೂ ಒಂದಕ್ಕೊಂದು ತದ್ವಿರುದ್ಧ. ಮಣ್ಣಿನಲ್ಲಿ ನೀರಿಲ್ಲದಿದ್ದರೂ ಸುಕ್ಕು ಬರುತ್ತದೆ. ಮಣ್ಣಿನಲ್ಲಿ ನೀರು ಜಾಸ್ತಿಯಾಗಿ ಬೇರು ಕೊಳೆತಿದ್ದರೂ ಸುಕ್ಕು ಬರುತ್ತದೆ. ಬೇರೇ ಇಲ್ಲದ ಮೇಲೆ ಗಿಡ ಕುಡಿಯುವುದು ಹೇಗೆ? ಕೆಳಗೆ ನೀರು ನಿಂತಿದ್ದರೂ ಮೇಲೆ ಗಿಡ ಒಣಗುತ್ತದೆ. ಅದನ್ನು ನೋಡಿದ ಮನೆಯವರು ಇನ್ನೊಂದು ತಂಬಿಗೆ ಹಾಕುತ್ತಾರೆ. ಉಳಿದ ನಾಲ್ಕು ಬೇರೂ ಹೋಗುತ್ತವೆ. ಸುಕ್ಕು ಇನ್ನೂ ಜಾಸ್ತಿಯಾಗುತ್ತದೆ. ಮತ್ತೆ ನೀರು. ನನ್ನ ಕೈಗೆ ಬರುವ ಹತ್ತು ಕಳ್ಳಿಗಳಲ್ಲಿ ಎಂಟು ಹೀಗೇ ಬಂದವು.

ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವೇನಲ್ಲ. ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ. ನಿಜವಾಗಿ ಬಾಯಾರಿದ ಗಿಡದ ಕುಂಡ ಹಗುರವಾಗಿರುತ್ತದೆ. ಕಿವಿಗಳು ತೆಳುವಾಗಿರುತ್ತವೆ, ಆದರೆ ಬುಡ ಗಟ್ಟಿಯಾಗಿರುತ್ತದೆ. ಬೇರು ಕೊಳೆತಿದ್ದರೆ ಕುಂಡ ಭಾರ, ಗಿಡ ಅಲ್ಲಾಡುತ್ತದೆ. ಬುಡದ ಕಿವಿ ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಬೇಯಿಸಿದ ಬದನೆಕಾಯಿಯ ಹಾಗೆ ಮೆತ್ತಗಾಗಿರುತ್ತದೆ. ಕಡ್ಡಿಯಿಂದ ಒತ್ತಿದರೆ ಕೆಟ್ಟ ವಾಸನೆಯ ನೀರು ಬರುತ್ತದೆ. ಅನುಮಾನ ಇದ್ದರೆ ಕಸಬರಿಗೆಯ ಒಣ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ. ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿಗೆ ಮಣ್ಣು ಅಂಟಿ ಬಂದರೆ ಇನ್ನೂ ಹಸಿ ಇದೆ, ನೀರು ಬೇಡ. ಮೇಲ್ಮಣ್ಣು ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ. ನಮ್ಮ ಕಡೆ ಮೇಲ್ಮಣ್ಣು ಮೋಸ ಮಾಡುತ್ತದೆ.

ಯಾಕೆ ಅಂದರೆ ನಮ್ಮದು ಎರೆ ಭೂಮಿ, ಕಪ್ಪು ಮಣ್ಣಿನ ನೆಲ. ನವಲಗುಂದ, ನರಗುಂದ, ರೋಣದ ರೈತರಿಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಗಾರಿನಲ್ಲಿ ಕುಡಿದ ನೀರನ್ನು ಒಡಲಲ್ಲಿ ಹಿಡಿದಿಟ್ಟು, ಆಮೇಲೆ ಮಳೆ ಬರಲಿ ಬಿಡಲಿ, ಹಿಂಗಾರಿ ಜೋಳಕ್ಕೆ ಕುಡಿಸುವ ಮಣ್ಣು ಅದು. ಮೇಲೆ ಸೀಳು ಬಿಟ್ಟಿರುತ್ತದೆ, ಒಂದು ಗೇಣು ಕೆಳಗೆ ತಣ್ಣಗೆ ಹಸಿ ಇರುತ್ತದೆ. ಜೋಳಕ್ಕೂ ಕಡಲೆಗೂ ಅದು ತಾಯಿ. ಆದರೆ ಕಳ್ಳಿಯ ಬೇರಿಗೆ ನೀರಿಗಿಂತ ಗಾಳಿ ಮುಖ್ಯ. ಎರೆ ಮಣ್ಣು ನೀರು ಕುಡಿದು ಉಬ್ಬಿದರೆ ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಬೇರಿಗೆ ಉಸಿರು ಕಟ್ಟುತ್ತದೆ, ಆಮೇಲೆ ಬೂಷ್ಟು ಹಿಡಿದು ಕೊಳೆಸುತ್ತದೆ. ಹೊಲದಿಂದ ಒಂದು ಪುಟ್ಟಿ ಎರೆ ಮಣ್ಣು ತಂದು, ಮೇಲೆ ಸೆಗಣಿ ಗೊಬ್ಬರ ಹಾಕಿ, "ಛಲೋ ಮಣ್ಣ ಹಾಕೀನ್ರಿ" ಅಂತ ಪ್ರೀತಿಯಿಂದ ಹೇಳುವವರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಆ ಮಣ್ಣು ಬೇಡ.

ಅದರ ಬದಲು ಮಸಾರಿ (ಕೆಂಪು) ಮಣ್ಣು ಒಂದು ಪಾಲು, ದಪ್ಪ ಉಸುಕು ಒಂದು ಪಾಲು, ಗರಸು (ಸಣ್ಣ ಕಲ್ಲಿನ ಮಣ್ಣು) ಅಥವಾ ಇಟ್ಟಂಗಿ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಹಿಡಿ. ಮಣ್ಣಿನ ಕುಂಡ, ತಳದಲ್ಲಿ ತೂತು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಇಷ್ಟಾದರೆ ಅರ್ಧ ಕೆಲಸ ಮುಗಿದಂತೆ. ನೀರು ಹಾಕುವಾಗ ತಳದಿಂದ ಹರಿಯುವಷ್ಟು ಹಾಕಿ, ಆಮೇಲೆ ಕಡ್ಡಿ ಒಣಗಿ ಬರುವವರೆಗೆ ಮರೆತುಬಿಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ನಾನು ಸಾಮಾನ್ಯವಾಗಿ ಹತ್ತು-ಹನ್ನೆರಡು ದಿನಕ್ಕೊಮ್ಮೆ ಹಾಕುತ್ತೇನೆ. ಮಳೆಗಾಲದಲ್ಲಿ ಬಹುತೇಕ ಹಾಕುವುದೇ ಇಲ್ಲ. ಇದು ನನ್ನ ಮಾಳಿಗೆಯ ಲೆಕ್ಕ. ನಿಮ್ಮ ಕುಂಡ ದೊಡ್ಡದಿರಬಹುದು, ಬಿಸಿಲು ಕಡಿಮೆ ಇರಬಹುದು. ಕ್ಯಾಲೆಂಡರ್ ನಂಬಬೇಡಿ, ಕಡ್ಡಿ ನಂಬಿ.

ಮಳೆಯಲ್ಲೂ ಊರಿಂದೂರಿಗೆ ವ್ಯತ್ಯಾಸ ಇದೆ. ಗದಗಿನ ಕಡೆ ಒಂದು ಮಳೆ ಬಂದು ಹೋದರೆ ಬಿಸಿಲು ಬೀಳುತ್ತದೆ. ಅಲ್ಲಿ ಗರಸು ನೆಲದಲ್ಲಿ, ಸ್ವಲ್ಪ ದಿಬ್ಬ ಮಾಡಿ ನೆಟ್ಟ ಕಳ್ಳಿ ಹೊರಗೇ ಬದುಕುತ್ತದೆ. ಧಾರವಾಡದ್ದು ಹಾಗಲ್ಲ, ಇದು ಮಲೆನಾಡಿನ ಹೊಸ್ತಿಲು. ಜುಲೈ-ಆಗಸ್ಟಿನಲ್ಲಿ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ ಕಡೆಯದೂ ಇದೇ ಕಥೆ. ಇಂಥಲ್ಲಿ ಕುಂಡವನ್ನು ಜೂನ್‌ನಲ್ಲೇ ಶೀಟಿನ ಕೆಳಗೆ ಸರಿಸಬೇಕು, ಬೆಳಕು ಮಾತ್ರ ತಪ್ಪಿಸಬಾರದು.

ಎರಡು ವರ್ಷದ ಹಿಂದಿನ ಸೆಪ್ಟೆಂಬರ್‌ನಲ್ಲಿ ಸಾಲಿಯಿಂದ ನಿವೃತ್ತರಾದ ಅಕ್ಕೋರೊಬ್ಬರು, ಅಂದರೆ ಶಿಕ್ಷಕಿ, ಬಂದಿದ್ದರು. ಕೈಯಲ್ಲಿ ಮೊಲದ ಕಿವಿಯ ಕುಂಡ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗಳು ಬಿಟ್ಟುಹೋದ ಗಿಡ. ಅದಕ್ಕೇ ಅವರಿಗೆ ಅಷ್ಟು ಜೀವ. ದಿನಾ ಪೂಜೆ ಮುಗಿಸಿ ಒಂದು ಲೋಟ ನೀರು ಹಾಕುತ್ತಿದ್ದರಂತೆ. ನಾನು ಕುಂಡ ಮಗುಚಿದೆ. ಮಣ್ಣು ಒಂದೇ ಮುದ್ದೆಯಾಗಿ ಹೊರಗೆ ಬಂತು, ಹಿಂಡಿದರೆ ನೀರು ಸೋರುವ ಹಾಗಿತ್ತು. ಬೇರು ಅಂತ ಉಳಿದದ್ದು ಕಪ್ಪು ದಾರದಂಥ ನಾಲ್ಕು ಎಳೆ. ಎಳೆದರೆ ಸಿಪ್ಪೆ ಮಾತ್ರ ಕೈಗೆ ಬರುತ್ತಿತ್ತು. ಬುಡದ ಕಿವಿ ಪೂರ್ತಿ ಹೋಗಿತ್ತು.

"ನಾನಽ ಕೊಂದೆನೇನ್ರಿ?" ಅಂದರು. ಅವರ ಕಣ್ಣು ತುಂಬಿತ್ತು.

ಇಲ್ರೀ ಅಕ್ಕೋರ, ಇನ್ನೂ ಸತ್ತಿಲ್ಲ ಅಂದೆ. ತುದಿಯ ಎರಡು ಕಿವಿಗಳು ಸುಕ್ಕಾಗಿದ್ದರೂ ಹಸಿರಾಗಿದ್ದವು. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಅವನ್ನು ಕತ್ತರಿಸಿದೆ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೂ ಮೇಲೆ ಕತ್ತರಿಸಬೇಕು. ಒಳಗೆ ಶುದ್ಧ ಹಸಿರು ಬರುವವರೆಗೆ ಬಿಡಬಾರದು. ಆಮೇಲೆ ಪೇಪರ್ ಮೇಲೆ ಇಟ್ಟು ಅವರ ಕೈಗೆ ಕೊಟ್ಟೆ. ಕಪಾಟಿನ ಮೇಲೆ, ಗಾಳಿ ಆಡುವ ಕಡೆ, ಮೂರು ವಾರ ಹಾಗೇ ಇಡಿ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ನೀರಿಲ್ಲ, ಮಣ್ಣಿಲ್ಲ, ಮೂರು ವಾರ!

ಇಲ್ಲೇ ಇನ್ನೊಂದು ದೊಡ್ಡ ತಪ್ಪಾಗುತ್ತದೆ. ಮುರಿದ ಕಿವಿಯನ್ನು ಅವತ್ತೇ ನೆಟ್ಟು ಅವತ್ತೇ ನೀರು ಹಾಕುತ್ತಾರೆ. ಕತ್ತರಿಸಿದ ಜಾಗ ಹಸಿ ಗಾಯ ಇದ್ದ ಹಾಗೆ. ಅದು ಒಣಗಿ ಹೆಕ್ಕಳೆ ಕಟ್ಟಬೇಕು. ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ತಂಪು ಹವೆಯಲ್ಲಿ ಜಾಸ್ತಿ ದಿನ ಬೇಕು. ಒಂದು ಕಿವಿಯೊಳಗೆ ತಿಂಗಳುಗಟ್ಟಲೆ ಬದುಕುವಷ್ಟು ನೀರು ಇರುತ್ತದೆ. ಈ ಗಿಡಗಳು ಹಗಲಿನಲ್ಲಿ ತಮ್ಮ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ತೆಗೆದುಕೊಳ್ಳುತ್ತವೆ. ಹೀಗಾಗಿ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆ. ಒಣಗಿದ ಮೇಲೆ ಒಂದು ಅಂಗುಲ ಆಳಕ್ಕೆ, ಒಣ ಮಣ್ಣಿನಲ್ಲಿ ನಿಲ್ಲಿಸಿ. ಮೆಲ್ಲಗೆ ಅಲ್ಲಾಡಿಸಿದಾಗ ಹಿಡಿತ ಸಿಕ್ಕರೆ ಬೇರು ಬಂದಿದೆ. ಅಲ್ಲಿಯವರೆಗೆ ನೀರು ಬೇಡ.

ಡಿಸೆಂಬರ್ ಬಂದರೆ ಇನ್ನೊಂದು ಪ್ರಶ್ನೆ ಶುರು. ವಿಡಿಯೊ ನೋಡಿ ಬಂದವರು ಚಳಿಗಾಲದಲ್ಲಿ ಕಳ್ಳಿಯನ್ನು ಮನೆಯೊಳಗೆ ಇಡಬೇಕಂತಲ್ಲ ಅನ್ನುತ್ತಾರೆ. ಆ ಮಾತು ಹಿಮ ಬೀಳುವ ದೇಶದ್ದು. ಈ ಜಾತಿ ಸೂಕ್ಷ್ಮ ಅನ್ನುವುದು ನಿಜ, ನೀರು ಹೆಪ್ಪುಗಟ್ಟುವ ಚಳಿಯನ್ನು ತಡೆಯುವುದಿಲ್ಲ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ನಮ್ಮ ಡಿಸೆಂಬರ್, ಜನವರಿಯ ಒಣ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಆಗ ಒಳಗಿಟ್ಟರೆ ಕಿವಿ ಅಗಲವಾಗದೆ ಬೆರಳಿನಂತೆ ಸಪೂರವಾಗಿ ಎಳೆಯುತ್ತದೆ. ಹೊರಗಿಡಿ, ನೀರು ಮಾತ್ರ ಕಡಿಮೆ ಮಾಡಿ. ನೆರಳುಪರದೆಯ ಕೆಳಗೆ ಬೆಳೆದ ಹೊಸ ಗಿಡವನ್ನು ಮಾತ್ರ ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ಇಡಬೇಡಿ. ಬಿಳಿಚಿದ ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಮಕ್ಕಳಿರುವ ಮನೆಯವರಿಗೆ ನಾನು ಮೊಲದ ಕಿವಿಯನ್ನು ಮಾರುವ ಮೊದಲು ಎರಡು ಸಲ ಹೇಳುತ್ತೇನೆ. ದೊಡ್ಡ ಮುಳ್ಳಿಲ್ಲ, ಮಖಮಲ್ಲಿನ ಚುಕ್ಕೆ ಇಟ್ಟಂತೆ ಚೆಂದ ಕಾಣುತ್ತದೆ, ಅದಕ್ಕೇ ಮಕ್ಕಳು ಸವರುತ್ತವೆ. ಒಂದೊಂದು ಚುಕ್ಕೆಯಲ್ಲೂ ನೂರಾರು ಕೂದಲಿನಂಥ ಮುಳ್ಳು, ತುದಿಯಲ್ಲಿ ಸಣ್ಣ ಕೊಕ್ಕೆ. ಚುಚ್ಚಿದರೆ ಉಜ್ಜಬೇಡಿ, ಮುರಿದು ಒಳಗೇ ಉಳಿಯುತ್ತದೆ. ಅಂಟುಟೇಪ್ ಒತ್ತಿ ಎಳೆಯಿರಿ, ಉಳಿದದ್ದನ್ನು ಚಿಮಟದಿಂದ ತೆಗೆಯಿರಿ. ಕಣ್ಣಿಗೆ ತಾಗಿದರೆ ಮನೆಮದ್ದು ಬೇಡ, ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಗಿಡ ಹಿಡಿಯಲು ಬಟ್ಟೆಯ ಕೈಗವಸಿಗಿಂತ ನಾಲ್ಕು ಮಡಿಕೆಯ ಪೇಪರ್ ಒಳ್ಳೆಯದು. ಬಟ್ಟೆಯಲ್ಲಿ ಮುಳ್ಳು ಸೇರಿಕೊಂಡು ಮುಂದಿನ ಸಲ ಚುಚ್ಚುತ್ತದೆ.

ಕಿವಿಯ ಮೇಲೆ ಬಿಳಿ ಹತ್ತಿ ಅಂಟಿದ ಹಾಗೆ ಕಂಡರೆ ಕಡ್ಡಿಯಿಂದ ಒತ್ತಿ ನೋಡಿ. ಕಡುಗೆಂಪು ರಸ ಬಂದರೆ ಅದು ಕಾಚಿನೀಲ್ ಹುಳ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಈ ಹುಳದ ಕಥೆ ದೊಡ್ಡದು. 1795ರಲ್ಲಿ ಬಟ್ಟೆಗೆ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಬ್ರೆಜಿಲ್‌ನಿಂದ ಭಾರತಕ್ಕೆ ಒಂದು ಜಾತಿಯನ್ನು ತಂದರು. ಬಣ್ಣ ಸರಿಯಾಗಿ ಬರಲಿಲ್ಲ, ಹುಳ ಒಂದು ಜಾತಿಯ ಡಬಗಳ್ಳಿಯನ್ನೇ ತಿಂದು ಮುಗಿಸುತ್ತ ಹೋಯಿತು. ಇನ್ನೊಂದು ಜಾತಿಯ ಡಬಗಳ್ಳಿ ಹೊಲ-ಗೋಮಾಳಗಳನ್ನು ನುಂಗುತ್ತಿದ್ದಾಗ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಜಾತಿಯ ಹುಳ ದಕ್ಷಿಣ ಭಾರತಕ್ಕೆ ಬಂತು. ಅದು ಆ ಕಳ್ಳಿಯ ಹಾವಳಿಯನ್ನು ಬಹಳ ಮಟ್ಟಿಗೆ ಇಳಿಸಿತು. ನಿಮ್ಮ ಮಾಳಿಗೆಯ ಕುಂಡಕ್ಕೆ ಬರುವುದು ಆ ಹುಳದ ಬಳಗವೇ.

ಇದನ್ನು ಹೇಳಲು ಕಾರಣ ಇದೆ. ಕತ್ತರಿಸಿದ ಕಿವಿಗಳನ್ನು ಹಳ್ಳದ ದಂಡೆಗೆ, ಖಾಲಿ ಸೈಟಿಗೆ ಎಸೆಯಬೇಡಿ. ಬಿದ್ದಲ್ಲೇ ಬೇರು ಬಿಡುವ ಗಿಡ ಇದು. ಮುಳ್ಳು ದನಗಳ ಬಾಯಿಗೆ ಹೋಗುತ್ತದೆ. ಸಣ್ಣಗೆ ಹೆಚ್ಚಿ, ಮಾಳಿಗೆಯ ಗಚ್ಚಿನ ಮೇಲೆ ಪೂರ್ತಿ ಒಣಗಿಸಿ, ಆಮೇಲೆ ಕಸದ ಗಾಡಿಗೆ ಕೊಡಿ.

ಅಕ್ಕೋರು ಆ ಎರಡು ಕಿವಿಗಳನ್ನು ಅಕ್ಟೋಬರ್‌ನಲ್ಲಿ ನೆಟ್ಟರು. ದೀಪಾವಳಿ ಹೊತ್ತಿಗೆ ಫೋನ್ ಬಂತು: "ಇವತ್ತು ನಳ ಬಂದೈತ್ರಿ, ಒಂದು ಚೂರು ಹಾಕಲೇನು?" ಅಲ್ಲಾಡಿಸಿ ನೋಡ್ರಿ ಅಂದೆ. ಹಿಡಿತ ಇರಲಿಲ್ಲ, ಬೇಡ ಅಂದೆ. ಹದಿನೈದು ದಿನಕ್ಕೆ ಮತ್ತೆ ಫೋನ್, ಮತ್ತೆ ಬೇಡ. ಡಿಸೆಂಬರ್‌ನಲ್ಲಿ ಹಿಡಿತ ಸಿಕ್ಕಿತು, ಅರ್ಧ ಲೋಟ ಹಾಕಲು ಹೇಳಿದೆ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಫೋಟೊ ಕಳಿಸಿದರು. ಒಂದು ಕಿವಿಯ ಅಂಚಿನಲ್ಲಿ ಹೆಸರುಕಾಳಿನಷ್ಟು ದಪ್ಪ ಎರಡು ಮೊಗ್ಗು, ಮೈತುಂಬ ಮೆತ್ತನೆಯ ಹಸಿರು ಎಳೆ. ಹೊಸ ಕಿವಿಗಳು. ಕೆಳಗೆ ಬರೆದಿದ್ದರು: ಮಗಳಿಗೂ ಕಳಿಸೀನ್ರಿ.